ಕಾರವಾರದ ನ್ಯಾಯಪೀಠದಲ್ಲಿ ಸತ್ಯೇಂದ್ರನಾಥ ಠಾಕೂರರು

ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರನಾಥ ಠಾಕೂರರ ಹೆಸರಿದೆ. 1883ರಲ್ಲಿ ಅವರು ಅಲ್ಲಿ ಕೆಲಕಾಲ ತಂಗಿದ್ದುದನ್ನೂ 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಅಲ್ಲಿಯೇ ಬರೆದುದನ್ನೂ ಕನ್ನಡ ವಾಚಕರು ಬಲ್ಲರು. ಆದರೆ ಅವರು ಇಳಿದುಕೊಂಡಿದ್ದುದು ಅಣ್ಣ ಸತ್ಯೇಂದ್ರನಾಥರ (1842-1923) ಮನೆಯಲ್ಲಿ. ಆ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರೆಂಬುದನ್ನು ನಾವು ಒಂದು ಅಡಿಟಿಪ್ಪಣಿಯಂತೆ ಹೇಳಿ ಮುಂದೆ ಸಾಗುತ್ತ ಬಂದಿದ್ದೇವೆ. ಆ ನ್ಯಾಯಪೀಠದ ಕಡೆಗೆ ಗಮನ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

1863ರಲ್ಲಿ ಸತ್ಯೇಂದ್ರನಾಥರು ಲಂಡನ್ನಿನಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಥಮ ಭಾರತೀಯರೆನಿಸಿದರು. 1864ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ದೊರೆತುದು ಬಂಗಾಳವಲ್ಲ, ಮುಂಬಯಿ ಪ್ರಾಂತ. ಅಹಮದಾಬಾದ್, ಕಾರವಾರ, ಸೋಲಾಪುರ, ಸಾತಾರಾ ಮುಂತಾದೆಡೆ ಅವರ ಸೇವೆ ಸಂದಿತು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕಾರವಾರದ ಮೇಲ್ಮನವಿಗಳು ಮುಂಬಯಿ ಉಚ್ಚ ನ್ಯಾಯಾಲಯಕ್ಕೇ ಬರುತ್ತಿದ್ದವು. ಆದುದರಿಂದ ಸಾಂತಾಕ್ರೂಜಿನಲ್ಲಿ ಕುಳಿತು ಬರೆಯುವ ನಮಗೆ ಇದು ಪರಸ್ಥಳದ ಚರಿತ್ರೆಯಲ್ಲ.

ಕಾರವಾರದಲ್ಲಿ ಅವರು ಎದುರಿಸಿದ ಕಾನೂನಿನಲ್ಲಿ ಒಂದು ಸ್ವಾರಸ್ಯವಿದೆ. ಅವರು ಹುಟ್ಟಿ ಬೆಳೆದ ಬಂಗಾಳದಲ್ಲಿ ಹಿಂದೂ ದಾಯವಿಭಾಗಕ್ಕೆ ಜೀಮೂತವಾಹನನ 'ದಾಯಭಾಗ'ವೇ ಪ್ರಮಾಣ. ಅದರಂತೆ ತಂದೆ ಬದುಕಿರುವಾಗ ಮಗನಿಗೆ ಆಸ್ತಿಯಲ್ಲಿ ಹಕ್ಕಿಲ್ಲ. ಉತ್ತರ ಕನ್ನಡದಲ್ಲಿ ಪ್ರಮಾಣವಾಗಿದ್ದುದು 'ಮಿತಾಕ್ಷರಾ'. ಅದರಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಹಕ್ಕು. ಆ ಗ್ರಂಥವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹೀಗೆ ಕನ್ನಡ ನಾಡಿನಲ್ಲಿ ಹುಟ್ಟಿದ ಶಾಸ್ತ್ರವನ್ನು ಕನ್ನಡ ನಾಡಿನ ಕಕ್ಷಿದಾರರಿಗೆ ಅನ್ವಯಿಸುವ ಹೊಣೆ ಬಂಗಾಳದ ನ್ಯಾಯಾಧೀಶರ ಮೇಲೆ ಬಿದ್ದಿತ್ತು.

ಇನ್ನು ಕ್ರಿಮಿನಲ್ ವ್ಯವಹಾರದ ಮಾತು. 1872ರ ಸಂಹಿತೆಯ ಮೇರೆಗೆ, ಪ್ರಾಂತದ ರಾಜಧಾನಿಯ ಹೊರಗೆ, ಐರೋಪ್ಯ ಬ್ರಿಟಿಷ್ ಪ್ರಜೆಯನ್ನು ವಿಚಾರಣೆ ಮಾಡುವ ನ್ಯಾಯಾಧೀಶನು ತಾನೂ ಐರೋಪ್ಯನಾಗಿರಬೇಕಿತ್ತು. ಪದವಿ, ಪರೀಕ್ಷೆ, ಅನುಭವ ಯಾವುದೂ ಇದಕ್ಕೆ ಪರಿಹಾರವಾಗಿರಲಿಲ್ಲ. ಕಲ್ಕತ್ತೆಯ ಬಿಹಾರಿಲಾಲ ಗುಪ್ತರು 1882ರಲ್ಲಿ ಈ ಭೇದವನ್ನು ಸರಕಾರದ ಗಮನಕ್ಕೆ ತಂದರು. 1883ರಲ್ಲಿ ಇಲ್ಬರ್ಟ್ ಮಸೂದೆ ಮಂಡಿತವಾಯಿತು. ಐರೋಪ್ಯರ ಪ್ರತಿಭಟನೆ ದೇಶವನ್ನೇ ಅಲುಗಿಸಿತು. 1884ರ ಕಾಯಿದೆ ಭಾರತೀಯ ಸೆಷನ್ಸ್ ನ್ಯಾಯಾಧೀಶರಿಗೆ ಅಧಿಕಾರವನ್ನೇನೋ ಕೊಟ್ಟಿತು. ಆದರೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಐರೋಪ್ಯರು ಅಥವಾ ಅಮೆರಿಕನ್ನರುಳ್ಳ ಪಂಚರ ಮಂಡಲಿಯನ್ನು ಬೇಡುವ ಹಕ್ಕನ್ನು ಐರೋಪ್ಯ ಆರೋಪಿಗೆ ಉಳಿಸಿತು. ತಮ್ಮ ಕವಿ ಕಾಳಿನದಿಯ ಬೆಳದಿಂಗಳಲ್ಲಿ ದೋಣಿಯೇರಿದ ಆ ವರ್ಷವೇ ಅಣ್ಣನ ಅಧಿಕಾರ ಈ ವಾಗ್ವಾದದ ವಸ್ತುವಾಗಿತ್ತೆಂಬುದು ಗಮನಾರ್ಹ.

1861ರ ಹೈಕೋರ್ಟು ಕಾಯಿದೆಯಂತೆ ಉಚ್ಚ ನ್ಯಾಯಾಲಯದ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದ ಸ್ಥಾನಗಳು ಸಿವಿಲ್ ಸರ್ವಿಸಿನವರಿಗೆ ಮೀಸಲಾಗಿದ್ದವು. 1893ರಲ್ಲಿ ಮಹಾದೇವ ಗೋವಿಂದ ರಾನಡೆಯವರೂ 1901ರಲ್ಲಿ ಹೊನ್ನಾವರದಲ್ಲಿ ಜನಿಸಿದ ನಾರಾಯಣ ಚಂದಾವರಕರರೂ ಅಲ್ಲಿ ನ್ಯಾಯಮೂರ್ತಿಗಳಾದರು. ಅವರಿಬ್ಬರೂ ಆ ಸರ್ವಿಸಿನವರಲ್ಲ. ಆ ಸರ್ವಿಸಿನ ಪ್ರಥಮ ಭಾರತೀಯರಾದ ಸತ್ಯೇಂದ್ರನಾಥರಾದರೋ ಮೂವತ್ತು ವರ್ಷಗಳಿಗೂ ಮೀರಿ ಸೇವೆ ಸಲ್ಲಿಸಿ, 1897ರಲ್ಲಿ ಸಾತಾರೆಯ ಜಿಲ್ಲಾ ನ್ಯಾಯಾಧೀಶರಾಗಿಯೇ ನಿವೃತ್ತರಾದರು. ಇದನ್ನು ಕೇವಲ ಆಕಸ್ಮಿಕವೆಂದು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ.

ಕವಿಯ ಸ್ಮೃತಿಯಲ್ಲಿ ಕಾರವಾರ ಕಡಲು, ನದಿ, ಮರಳುದಿಣ್ಣೆಗಳಾಗಿ ಉಳಿದಿದೆ. ಅಲ್ಲಿನ ಹಾಲಕ್ಕಿ ಒಕ್ಕಲಿಗನಿಗೋ ಹವ್ಯಕ ತೋಟಿಗನಿಗೋ ಮಾತ್ರ ಅದು ವ್ಯಾಜ್ಯ ಇತ್ಯರ್ಥವಾಗುವ ಊರಾಗಿತ್ತು. ಜಿಲ್ಲಾ ನ್ಯಾಯಾಲಯಗಳ ಹಳೆಯ ತೀರ್ಪುಗಳನ್ನು ಶಾಸನಗಳಷ್ಟೇ ಶ್ರದ್ಧೆಯಿಂದ ಓದುವ ಕಾಲ ಬಂದಲ್ಲಿ ನಮ್ಮ ಚರಿತ್ರೆಗೆ ಆ ಎರಡನೆಯ ಕಾರವಾರವೂ ದಕ್ಕೀತು.