ಆರ್ನೆ ಸುಕ್ಸ್‌ಡಾರ್ಫ್: ಛಾಯಾಗ್ರಾಹಕನೊಬ್ಬನ ಸ್ವಭಾವೋಕ್ತಿ

ಸ್ವಭಾವೋಕ್ತಿಯು ಅಲಂಕಾರವೆನಿಸುವುದೋ ಇಲ್ಲವೋ ಎಂಬುದು ಭಾರತೀಯ ಲಕ್ಷಣಶಾಸ್ತ್ರದ ಹಳೆಯ ವಿವಾದಗಳಲ್ಲೊಂದು. ದಂಡಿಯು ಅದಕ್ಕೆ ಅಲಂಕಾರಗಳಲ್ಲಿ ಮೊದಲ ಪೀಠವನ್ನಿತ್ತನು. ಭಾಮಹನು ಅದು ಕೆಲವರ ಮತವೆಂದು ಹೇಳಿ ಮುಂದೆ ಸಾಗಿದನು. ಕುಂತಕನಾದರೋ ವಸ್ತುವಿನ ಸ್ವಭಾವವೇ ಅಲಂಕಾರ್ಯವಾಗಿರುವಾಗ ಅದನ್ನೇ ಅಲಂಕಾರವೆಂದು ಕರೆಯುವುದು ಯುಕ್ತವಲ್ಲವೆಂದು ಖಂಡಿಸಿದನು. ಕವಿರಾಜಮಾರ್ಗವು ಬಹುಮಟ್ಟಿಗೆ ದಂಡಿಯ ಹಾದಿಯನ್ನೇ ಹಿಡಿದಿರುವುದರಿಂದ ಕನ್ನಡ ವಿದ್ವಾಂಸರಿಗೆ ಈ ಪ್ರಶ್ನೆಯು ಹೊಸದಲ್ಲ. ಇಪ್ಪತ್ತನೆಯ ಶತಮಾನದಲ್ಲಿ, ಚಿತ್ರವನ್ನು ಬರೆಯುವ ಕೈಯ ಸ್ಥಾನಕ್ಕೆ ಯಂತ್ರವು ಬಂದಮೇಲೆ, ಇದೇ ವಿವಾದವು ಬೇರೊಂದು ವೇಷದಲ್ಲಿ ಮತ್ತೆ ತಲೆಯೆತ್ತಿತು. ಯಂತ್ರನೇತ್ರದ ಮುಂದೆ ಇದ್ದುದು ಇದ್ದಂತೆಯೇ ಮೂಡುವುದಾದರೆ ಅಲ್ಲಿ ಕವಿಯ ವ್ಯಾಪಾರವೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರಿಗೆ ಸ್ವೀಡನ್ ದೇಶದ ಆರ್ನೆ ಸುಕ್ಸ್‌ಡಾರ್ಫನ ಚರಿತ್ರೆಯಷ್ಟು ಉಪಯುಕ್ತವಾದುದು ಅಪೂರ್ವ. ಅವನ ಕೃತಿಗಳಲ್ಲೊಂದು ಭಾರತದ ಕಾಡಿನಲ್ಲಿಯೇ ಹುಟ್ಟಿದುದರಿಂದ ಇಲ್ಲಿಯವರಿಗೆ ಈ ವಿಚಾರವು ದೂರದ್ದೂ ಅಲ್ಲ.

ಸುಕ್ಸ್‌ಡಾರ್ಫನು 1917ನೆಯ ಇಸವಿ ಫೆಬ್ರವರಿ 3ರಂದು ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದನು. ಬರ್ಲಿನ್ನಿನ ರೈಮಾನ್ ಕಲಾಶಾಲೆಯಲ್ಲಿ ಕಲಿತು ಸ್ವದೇಶಕ್ಕೆ ಮರಳಿದವನು 1939ರಲ್ಲಿ ಆಗಸ್ಟ್ ಮಾಸದ ಪ್ರಕೃತಿಯನ್ನು ಕುರಿತ ಮೊದಲನೆಯ ಕಿರುಚಿತ್ರವನ್ನು ರಚಿಸಿದನು. 1941ರ ‘ಬೇಸಗೆಯ ಕಥೆ’ಯ ಹೊತ್ತಿಗೆ ಅವನ ಹೆಸರು ಅಲ್ಲಿಯ ರಸಿಕರಿಗೆ ಪರಿಚಿತವಾಗಿತ್ತು. ಸ್ವೆನ್ಸ್ಕ್ ಫಿಲ್ಮಿಂಡುಸ್ಟ್ರಿ ಎಂಬ ಪ್ರಸಿದ್ಧ ಚಿತ್ರಸಂಸ್ಥೆಯು ಅವನಿಗೆ ಆಶ್ರಯವನ್ನಿತ್ತಿತು.

ಛಾಯಾಗ್ರಾಹಕನು ದಿಗ್ದರ್ಶಕನಾದನು ಎಂಬ ಮಾತನ್ನು ಇವನ ವಿಷಯದಲ್ಲಿ ಎಚ್ಚರಿಕೆಯಿಂದ ಬಳಸಬೇಕು. ಸ್ವೀಡನ್ನಿನವನೇ ಆದ ಸ್ವೆನ್ ನಿಕ್ವಿಸ್ಟನು ಇಂಗ್ಮಾರ್ ಬರ್ಗ್‌ಮನ್ನನ ಕಣ್ಣಾಗಿ ದೀರ್ಘಕಾಲ ದುಡಿದು ಲೋಕಪ್ರಸಿದ್ಧನಾದನು. ತಾನೇ ನಿರ್ದೇಶಿಸಿದ ಚಿತ್ರಗಳಲ್ಲಿ ಹೆಚ್ಚು ಹೆಸರಾದ ‘ಎತ್ತು’ ಹೊರಬಂದುದು 1991ರಷ್ಟು ತಡವಾಗಿ. ನೆರೆಯ ಫಿನ್‌ಲೆಂಡಿನ ಎರಿಕ್ ಬ್ಲೋಮ್‌ಬರ್ಗನು ಇತರರ ಚಿತ್ರಗಳಿಗೆ ಛಾಯಾಗ್ರಾಹಕನಾಗಿದ್ದು 1952ರಲ್ಲಿ ‘ಬಿಳಿಯ ಹಿಮಸಾರಂಗ’ವೆಂಬ ಅದ್ಭುತಕಥೆಯನ್ನು ತಾನೇ ನಿರ್ದೇಶಿಸಿದನು. ಇವರು ಒಂದು ಪೀಠದಿಂದ ಎದ್ದು ಇನ್ನೊಂದರಲ್ಲಿ ಕುಳಿತವರು. ಸುಕ್ಸ್‌ಡಾರ್ಫನು ಹಾಗಲ್ಲ. ಕ್ಯಾಮೆರಾವನ್ನು ಪರರ ಕೈಗೆ ಒಪ್ಪಿಸಲಾರದೆ ಅವನು ದಿಗ್ದರ್ಶಕನಾದನು. ಕಥೆಯನ್ನು ಕಟ್ಟುವುದು, ಚಿತ್ರವನ್ನು ಹಿಡಿಯುವುದು, ಹಿಡಿದ ತುಣುಕುಗಳನ್ನು ಕತ್ತರಿಸಿ ಜೋಡಿಸುವುದು, ಇವೆಲ್ಲವೂ ಸಾಮಾನ್ಯವಾಗಿ ಅವನೊಬ್ಬನ ಕೆಲಸವೇ ಆಗಿದ್ದುವು. ಅವನ ಗುಣಗಳೂ ದೋಷಗಳೂ ಈ ಒಂಟಿತನದಿಂದಲೇ ಹೊರಟಿವೆ.

1944ರ ‘ಕಡಲಹಕ್ಕಿ’ ಎಂಬ ಚಿತ್ರದಲ್ಲಿ ದೊಡ್ಡ ಹಕ್ಕಿಯೊಂದು ಇತರ ಪಕ್ಷಿಗಳ ಗೂಡುಗಳನ್ನು ಸೂರೆಮಾಡುವುದನ್ನು ಅವನು ತೋರಿಸಿದನು. ಯುದ್ಧದ ಆ ದಿನಗಳಲ್ಲಿ ನೋಡಿದವರಿಗೆ ಅದರಲ್ಲಿ ದಂಡೆತ್ತಿ ಬಂದ ಜರ್ಮನಿಯ ನೆರಳು ಕಂಡುದು ಆಶ್ಚರ್ಯವಲ್ಲ. ವಾಚ್ಯದಲ್ಲಿ ಪಕ್ಷಿಯ ಸ್ವಭಾವ, ವ್ಯಂಗ್ಯದಲ್ಲಿ ಮನುಷ್ಯರ ಕಥೆ. ಮುಂದಿನ ವರ್ಷದ ‘ಹಿಮದ ಮೇಲಣ ನೆರಳುಗಳು’ ಕರಡಿಯ ಬೇಟೆಯನ್ನು ವಸ್ತುವಾಗುಳ್ಳದ್ದು. 1947ರಲ್ಲಿ ಸ್ಟಾಕ್‌ಹೋಮ್ ನಗರದ ದೈನಂದಿನ ಜೀವನವನ್ನು ಕುರಿತ ‘ನಗರದ ಜನರು’ ಹೊರಬಂದಿತು. ಇದಕ್ಕೆ 1949ರಲ್ಲಿ ಅಮೆರಿಕದ ಅಕಾಡೆಮಿ ಪಾರಿತೋಷಕವು ದೊರೆಯಿತು. ಸ್ವೀಡನ್ನಿನ ಚಿತ್ರವೊಂದಕ್ಕೆ ಆ ಮರ್ಯಾದೆಯು ಸಂದುದು ಅದೇ ಮೊದಲು. ಒಂದು ಸೋಜಿಗವೆಂದರೆ, ಅಲ್ಲಿಯ ಕ್ರಮದಂತೆ ಪಾರಿತೋಷಕವು ನಿರ್ಮಾಪಕನಾಗಿ ನಮೂದಾದ ಎಡ್ಮಂಡ್ ರೀಕ್ ಎಂಬ ಅಮೆರಿಕದವನ ಹೆಸರಿಗೆ ದಾಖಲಾಯಿತು. ತನ್ನ ಕೃತಿಯ ಪ್ರತಿಯೊಂದು ಅಂಗವನ್ನೂ ತಾನೇ ರೂಪಿಸಬೇಕೆಂದಿದ್ದವನಿಗೆ ಕೀರ್ತಿಯು ಹೀಗೆ ಪರರ ಮನೆಯ ಬಾಗಿಲಿಂದ ಬಂದಿತು.

ಆದರೆ ಅವನ ಕಿರುಚಿತ್ರಗಳಲ್ಲಿ ಶಿಖರಪ್ರಾಯವಾದುದು 1948ರ ‘ಇಬ್ಭಾಗವಾದ ಲೋಕ’. ಅದರ ಪ್ರಮಾಣ ಹತ್ತು ನಿಮಿಷಗಳೊಳಗಿನದು. ಚಳಿಗಾಲದ ರಾತ್ರಿ, ಹಿಮದಿಂದ ಮುಚ್ಚಿದ ಕಾಡು, ಮನುಷ್ಯರ ನೆಲೆಯ ಕಡೆಯಿಂದ ಬಾಖನ ಸಂಗೀತವು ಕೇಳಿಬರುತ್ತದೆ. ಹೊರಗೆ ನರಿ, ಬಿಳಿಯ ಮೊಲ, ಗೂಬೆ, ಮುಂಗುಸಿಯನ್ನು ಹೋಲುವ ಎರ್ಮಿನ್ ಎಂಬ ಪುಟ್ಟ ಬೇಟೆಪ್ರಾಣಿ. ಒಂದರ ಪ್ರಾಣವು ಇನ್ನೊಂದರ ಆಹಾರ. ಸಂಗೀತಕ್ಕೂ ಮೊಲದ ಪ್ರಾಣಸಂಕಟಕ್ಕೂ ಯಾವ ಸಂಬಂಧವೂ ಇಲ್ಲ. ಆ ಇಲ್ಲದಿರುವಿಕೆಯೇ ಚಿತ್ರದ ಅರ್ಥ. ವ್ಯಾಖ್ಯಾನದ ಒಂದು ಮಾತೂ ಅಲ್ಲಿ ಬೇಕಾಗಿಲ್ಲ.

ಇಲ್ಲಿ ಲಕ್ಷಣಕಾರನು ಸ್ವಲ್ಪ ನಿಲ್ಲಬೇಕು. ನರಿಯು ಮೊಲವನ್ನು ಅಟ್ಟುವಂತೆ ತೋರುವುದು ಬಹುಮಟ್ಟಿಗೆ ಸಂಕಲನದ ಫಲ. ಗೂಬೆಯ ಕಣ್ಣು ಒಂದು ತುಣುಕು. ಹಿಮದ ಮೇಲೆ ಓಡುವ ಮೊಲ ಇನ್ನೊಂದು. ಇವೆರಡೂ ಬೇರೆಬೇರೆ ವೇಳೆಯಲ್ಲಿ ಹಿಡಿದವುಗಳಾಗಿದ್ದರೂ ಒಂದರ ಬೆನ್ನಿಗೆ ಒಂದನ್ನು ಜೋಡಿಸಿದೊಡನೆ ನೋಡುವವನ ಮನಸ್ಸು ನಡುವಣ ಕ್ರೂರವಾದ ನಂಟನ್ನು ತಾನೇ ಪೂರೈಸಿಕೊಳ್ಳುತ್ತದೆ. ಅಟ್ಟುವಿಕೆಯು ಯಾವ ತುಣುಕಿನಲ್ಲಿಯೂ ಇಲ್ಲ, ಸಂಧಿಯಲ್ಲಿದೆ. ಸುಕ್ಸ್‌ಡಾರ್ಫನು ಸಾಕಿದ ಪ್ರಾಣಿಗಳನ್ನು ಬಳಸಿದನೆಂದೂ ಸಂದರ್ಭಗಳನ್ನು ಏರ್ಪಡಿಸಿದನೆಂದೂ ಆಕ್ಷೇಪಿಸಿದವರಿದ್ದಾರೆ. ಸಂಗತಿಯು ದಿಟ, ಆದರೆ ಅದನ್ನು ದೋಷವೆಂದು ಎಣಿಸಿದವರು ಅವನನ್ನು ವರದಿಗಾರನೆಂದು ಭಾವಿಸಿದರು, ಕವಿಯೆಂದಲ್ಲ. ಸ್ವಭಾವವು ವಸ್ತುವಿನಲ್ಲಿದ್ದರೂ ಸ್ವಭಾವೋಕ್ತಿಯು ಕವಿಯಲ್ಲಿಯೇ ಇರುವುದು. ಈ ಒಂದು ಅಂಶದಲ್ಲಿ ದಂಡಿಯ ಪಕ್ಷವೇ ಗೆಲ್ಲುತ್ತದೆ.

1953ರ ‘ಮಹಾಸಾಹಸ’ವು ಅವನ ಮೊದಲ ಪೂರ್ಣಪ್ರಮಾಣದ ಚಿತ್ರ. ರೈತನ ಮಕ್ಕಳಾದ ಇಬ್ಬರು ಹುಡುಗರು ನೀರುನಾಯಿಯೊಂದನ್ನು ಹಿಡಿದು ಚಳಿಗಾಲವೆಲ್ಲ ಮನೆಯವರಿಗೆ ತಿಳಿಯದಂತೆ ಸಾಕುತ್ತಾರೆ. ವಸಂತವು ಬಂದಾಗ ಅದು ಅವರನ್ನು ಬಿಟ್ಟು ಹೋಗುತ್ತದೆ. ಕಥೆ ಇಷ್ಟೇ. ಹುಡುಗರಲ್ಲೊಬ್ಬನು ಸುಕ್ಸ್‌ಡಾರ್ಫನ ಮಗನು. ತಂದೆಯ ಪಾತ್ರವನ್ನು ಅವನೇ ವಹಿಸಿದನು. 1954ರಲ್ಲಿ ಕಾನ್ ಉತ್ಸವದಲ್ಲಿ ಇದಕ್ಕೆ ಬಹುಮಾನವು ಬಂದಿತು. ಪ್ರೀತಿಯಿಂದ ಹಿಡಿದಿಟ್ಟುದು ಕೂಡ ಸೆರೆಯೇ ಎಂಬುದು ಈ ಕಥೆಯ ಹೃದಯ. ಅದನ್ನು ಹೇಳಿದ ದಿಗ್ದರ್ಶಕನಿಗೆ ನಾಲ್ಕು ವರ್ಷಗಳೊಳಗೆ ಅದೇ ಮಾತು ಪ್ರಶ್ನೆಯಾಗಿ ಎದುರುನಿಂತಿತು.

1950ರ ದಶಕದ ಆದಿಯಲ್ಲಿ ಅವನು ಭಾರತಕ್ಕೆ ಬಂದು ಕಾಶ್ಮೀರದ ನದೀಜೀವನವನ್ನೂ ಒಂದು ಹಳ್ಳಿಯ ಬದುಕನ್ನೂ ಕುರಿತು ಕಿರುಚಿತ್ರಗಳನ್ನು ರಚಿಸಿದ್ದನು. ಅನಂತರ ಬಸ್ತರಿನ ಕಾಡನ್ನು ಹೊಕ್ಕು ಮುರಿಯ ಗೊಂಡರ ನಡುವೆ 1957ರಲ್ಲಿ ಹೊರಬಂದ ‘ಕಾಡಿನ ಕಥೆ’ಯನ್ನು ಚಿತ್ರಿಸಿದನು. ಇಂಗ್ಲಿಷಿನಲ್ಲಿ ಅದಕ್ಕೆ ‘ಕೊಳಲು ಮತ್ತು ಬಾಣ’ ಎಂದು ಹೆಸರು. ವೆರಿಯರ್ ಎಲ್ವಿನನು 1947ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಜನರೂ ಅವರ ಘೋಟುಲ್ ಎಂಬ ತರುಣರ ವಸತಿಯೂ ವಿದ್ವಲ್ಲೋಕಕ್ಕೆ ಆಗಲೇ ತಿಳಿದಿದ್ದುವು. ಚಿತ್ರಕ್ಕೆ ಸಂಗೀತವನ್ನು ಒದಗಿಸಿದವರು ಪಂಡಿತ ರವಿಶಂಕರರು. ಅಗಲವಾದ ತೆರೆಗಾಗಿ ವರ್ಣದಲ್ಲಿ ಹಿಡಿದ ಈ ಕಾಡು ಕಣ್ಣಿಗೆ ಹಬ್ಬ. ಚಿರತೆಯ ಭಯಕ್ಕೆ ಒಳಗಾದ ಹಳ್ಳಿ, ಗಿಂಜು ಎಂಬ ಬೇಟೆಗಾರ, ಕಾಡುಮೃಗಗಳೊಡನೆ ಆಡುವ ಚೇಂದ್ರು ಎಂಬ ಬಾಲಕ. ಪಾತ್ರಗಳನ್ನು ವಹಿಸಿದವರು ಆ ಹಳ್ಳಿಗರೇ.

ಕೃತಿಯು ಸುಂದರವಾದುದು, ಆದರೂ ನೀರುನಾಯಿಯ ಚಿತ್ರದಂತೆ ತೃಪ್ತಿಯನ್ನು ಕೊಡದು. ಕಾರಣವನ್ನು ಅಭಿನವಗುಪ್ತನ ಮಾತಿನ ಬೆಳಕಿನಲ್ಲಿ ನೋಡಬಹುದು. ಶಾಕುಂತಲದ ಆರಂಭದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು ಅವನು ಭಯಾನಕರಸಕ್ಕೆ ಉದಾಹರಿಸುತ್ತಾನೆ. ಸಹೃದಯನಿಗೆ ಆ ಜಿಂಕೆಯು ಇಂಥ ದೇಶದ್ದು, ಇಂಥ ಕಾಲದ್ದು ಎಂಬ ವಿಶೇಷವು ಕರಗಿಹೋಗಿ ಭಯವೊಂದೇ ಸಾಧಾರಣವಾಗಿ ನಿಲ್ಲುವುದೆಂಬುದು ಅವನ ನಿರ್ಣಯ. ಕಾಳಿದಾಸನ ಜಿಂಕೆಗೆ ಶಬ್ದವಲ್ಲದೆ ಬೇರೆ ಶರೀರವಿಲ್ಲದುದರಿಂದ ಅದು ನಿರ್ಬಾಧವಾಗಿ ಸಾಧಾರಣವಾಗಬಲ್ಲದು. ಚಲಚ್ಚಿತ್ರದ ಬಾಲಕನಾದರೋ ಒಬ್ಬ ತಾಯಿಯ ಮಗ; ಅವನ ಮೈಯ ಮೇಲೆ ಬಿದ್ದ ಬೆಳಕೇ ಫಿಲ್ಮಿನ ಮೇಲೆ ಬಿದ್ದಿದೆ. ಕಾಡಿನ ಮುಗ್ಧತೆ ಎಂಬ ಸಾಧಾರಣಭಾವಕ್ಕೆ ಅವನನ್ನು ಸಂಕೇತವಾಗಿಸಿದರೂ ಅವನ ವಿಶೇಷವು ಕರಗುವುದಿಲ್ಲ. ರಸವು ಮುಗಿದ ಮೇಲೆಯೂ ಅವನು ಉಳಿಯುತ್ತಾನೆ, ಬೆಳೆಯುತ್ತಾನೆ, ಮುದುಕನಾಗುತ್ತಾನೆ.

ಚೇಂದ್ರುವಿನ ವಿಷಯದಲ್ಲಿ ಇದು ಅಕ್ಷರಶಃ ನಡೆಯಿತು. ಸುಕ್ಸ್‌ಡಾರ್ಫನ ಪತ್ನಿಯಾದ ಆಸ್ಟ್ರಿಡಳು ಅವನನ್ನೂ ಹುಲಿಮರಿಯನ್ನೂ ಕುರಿತು ಬರೆದ ಸಚಿತ್ರಪುಸ್ತಕವು ಅನೇಕ ದೇಶಗಳ ಮಕ್ಕಳ ಕೈಸೇರಿತು. ಬಾಲಕನನ್ನು ಸ್ವೀಡನ್ನಿಗೆ ಕರೆದೊಯ್ದು ಕೆಲಕಾಲ ಇರಿಸಿಕೊಂಡು ಮರಳಿ ಕಳುಹಿದರು. ಆ ಬಳಿಕ ಚೇಂದ್ರು ಮಂಡಾವಿಯು ನಾರಾಯಣಪುರದ ಬಳಿಯ ಗಢಬೆಂಗಾಲ್ ಹಳ್ಳಿಯಲ್ಲಿ ಬಡತನದಲ್ಲಿಯೇ ಬಾಳಿ, 2013ರ ಸೆಪ್ಟೆಂಬರಿನಲ್ಲಿ ಜಗದಲ್ಪುರದ ಆಸ್ಪತ್ರೆಯಲ್ಲಿ ತೀರಿಕೊಂಡನು. ಇದರಲ್ಲಿ ದಿಗ್ದರ್ಶಕನ ದುರುದ್ದೇಶವನ್ನು ಊಹಿಸುವುದು ಅನ್ಯಾಯ. ಆದರೆ ಕುಂತಕನ ಪ್ರಶ್ನೆಗೆ ಇಲ್ಲಿ ಬೇರೆಯ ತೂಕವು ಬರುತ್ತದೆ: ಅಲಂಕಾರ್ಯವು ಜೀವಂತವಾಗಿರುವಾಗ ಅದನ್ನೇ ಅಲಂಕಾರವನ್ನಾಗಿ ತೊಡುವವನಿಗೆ ಅದರ ಋಣವು ತಪ್ಪದು.

1961ರ ‘ಮರದ ಮೇಲಣ ಹುಡುಗ’ನಿಗೆ ಅಮೆರಿಕದ ಕ್ವಿನ್ಸಿ ಜೋನ್ಸನು ಸಂಗೀತವನ್ನಿತ್ತರೂ ಚಿತ್ರವು ನೆಲಕಚ್ಚಿತು. ಮಾತನಾಡುವ ಮನುಷ್ಯರನ್ನು ನಿರ್ವಹಿಸುವುದರಲ್ಲಿ ಇವನ ಕೈಯು ಮೊದಲಿನಿಂದಲೂ ಹಗುರವಾಗಿರಲಿಲ್ಲ. ಸ್ವದೇಶದಲ್ಲಿ ಮನಸ್ಸು ನಿಲ್ಲದೆ ಅವನು 1962ರಲ್ಲಿ ಬ್ರೆಜಿಲ್ ದೇಶಕ್ಕೆ ತೆರಳಿದನು.

ರಿಯೋ ನಗರದಲ್ಲಿ ಯುನೆಸ್ಕೋ ಸಂಸ್ಥೆಯ ಸಹಾಯದಿಂದ ನಡೆದ ಚಲಚ್ಚಿತ್ರ ತರಗತಿಗೆ ಅವನು ಗುರುವಾದನು. ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದವನು ಈಗ ತನ್ನ ವಿದ್ಯೆಯನ್ನು ಇತರರಿಗೆ ಹಂಚಬೇಕಾಯಿತು. ನಡೆದಲ್ಲಿಯೇ ಮಾತನ್ನು ಹಿಡಿಯಬಲ್ಲ ನಾಗ್ರಾ ಧ್ವನಿಯಂತ್ರವು ಈ ತರಗತಿಯ ಮೂಲಕ ಅಲ್ಲಿಯ ತರುಣರ ಕೈಗೆ ಬಂದಿತು. ಅರ್ನಾಲ್ಡೊ ಜಬೋರ್, ಎಡ್ವಾರ್ಡೊ ಎಸ್ಕೊರೆಲ್, ಮುಂದೆ 1975ರಲ್ಲಿ ಸೈನಿಕ ಸರ್ಕಾರದ ಸೆರೆಯಲ್ಲಿ ಹತನಾದ ಪತ್ರಿಕಾಕರ್ತ ವ್ಲಾದಿಮೀರ್ ಹೆರ್ಜೋಗ್ ಮುಂತಾದವರು ಅಲ್ಲಿ ಕಲಿತವರು. ಬ್ರೆಜಿಲಿನ ನವಚಿತ್ರ ಚಳುವಳಿಯ ತರುಣರಲ್ಲಿ ಕೆಲವರಿಗೆ ಈ ಸ್ವೀಡನ್ನಿನ ಗುರುವಿನ ಸೌಂದರ್ಯದೃಷ್ಟಿಯು ಹಳೆಯದೆನಿಸಿದರೂ ಅವನು ಕಲಿಸಿದ ಕರಕೌಶಲವನ್ನು ಅವರು ಬಿಡಲಿಲ್ಲ. ಗುರುವನ್ನು ಮೀರುವ ಶಿಷ್ಯರ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಒಂದೇ.

1965ರ ‘ಕೋಪಕಬಾನಾ ನನ್ನ ಮನೆ’ಯಲ್ಲಿ ರಿಯೋ ನಗರದ ಗುಡ್ಡಗಳ ಮೇಲಣ ಅನಾಥಮಕ್ಕಳು ತಮ್ಮಂಥವರ ಬಾಳನ್ನೇ ಅಭಿನಯಿಸಿದರು. ಬಸ್ತರಿನ ಬಾಲಕನು ಕಾಡಿನ ಒಂದು ಅಂಗವಾಗಿದ್ದನು. ಈ ಮಕ್ಕಳು ಹಸಿಯುತ್ತಾರೆ, ಕದಿಯುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ಕಣ್ಣು ಅದೇ ಆದರೂ ನೋಟದ ಎತ್ತರವು ಇಳಿದು ಮಕ್ಕಳ ಮಟ್ಟಕ್ಕೆ ಬಂದಿದೆ. ಸ್ವೀಡನ್ನಿನ ಗುಲ್ಡ್‌ಬಾಗೆ ಪಾರಿತೋಷಕವು ಇದರ ನಿರ್ದೇಶನಕ್ಕೆ ಸಂದಿತು.

ಅದರ ಮೇಲೆ ಅವನು ಪೂರ್ಣಪ್ರಮಾಣದ ಕಥಾಚಿತ್ರವನ್ನು ರಚಿಸಲಿಲ್ಲ. ಅಂಟಾರ್ಕ್ಟಿಕದ ಪೆಂಗ್ವಿನ್ ಪಕ್ಷಿಗಳ ದೃಶ್ಯಗಳನ್ನು 1971ರ ಬ್ರಿಟಿಷ್ ಚಿತ್ರವೊಂದಕ್ಕಾಗಿ ಹಿಡಿದುಕೊಟ್ಟುದುಂಟು. ಮಾತೊಗ್ರೊಸ್ಸೊ ಪ್ರಾಂತದ ಪಾಂತನಾಲ್ ಎಂಬ ಮಹಾಜೌಗಿನ ಸೀಮೆಯಲ್ಲಿ ನೆಲಸಿ, ಅಲ್ಲಿಯ ಮೃಗಪಕ್ಷಿಗಳ ಚಿತ್ರಗಳನ್ನು ತೆಗೆಯುತ್ತ, ಅವುಗಳ ರಕ್ಷಣೆಗಾಗಿ ವಾದಿಸುತ್ತ ಬಹುಕಾಲವನ್ನು ಕಳೆದನು. ವಾರ್ಧಕ್ಯದಲ್ಲಿ ಸ್ವೀಡನ್ನಿಗೆ ಹಿಂದಿರುಗಿ 2001ರ ಮೇ 4ರಂದು ಸ್ಟಾಕ್‌ಹೋಮಿನಲ್ಲಿ ನಿಧನನಾದನು.