ನಡುಮನೆಯಲ್ಲಿ ಕೂರಿಸಿದ ಮರ

ಯುಗಾದಿಗೆ ಊರಿಗೆ ಬಂದ ಅಣ್ಣನ ಮಗಳು ಕಾರಿಂದ ಇಳಿಯುವಾಗ ಮಡಿಲಲ್ಲಿ ಒಂದು ಪುಟ್ಟ ಕುಂಡ ಹಿಡ್ಕೊಂಡಿದ್ದಳು. ಗೇಣುದ್ದದ ಜುನಿಪರ್ ಬೋನ್ಸಾಯ್. ಒಂದು ಕಡೆ ಹಸಿರು, ಇನ್ನೊಂದು ಕಡೆ ಒಣಹುಲ್ಲಿನ ಬಣ್ಣ. "ಚಿಕ್ಕಪ್ಪ, ಇದು ಬದುಕತ್ತಾ ನೋಡು" ಅಂದಳು. ನಮ್ಮಣ್ಣ ತೀರಿಹೋಗುವ ಹಿಂದಿನ ವರ್ಷ ಅವಳಿಗೆ ಕೊಡಿಸಿದ್ದಂತೆ. ಹಾಗಾಗಿ "ಹೋಗ್ಲಿ ಬಿಡು, ಇನ್ನೊಂದು ತಗೋ" ಅನ್ನೋ ಹಾಗಿರಲಿಲ್ಲ.

ಬೆಂಗಳೂರಿನ ಫ್ಲಾಟಿನಲ್ಲಿ ಟೀವಿ ಪಕ್ಕ ಇಟ್ಟಿದ್ದಳು. ಮಾರಿದವರು ಹೇಳಿದ ಹಾಗೆ ದಿನಾ ಎರಡು ಚಮಚ ನೀರು. "ಒಳಾಂಗಣ ಬೋನ್ಸಾಯ್" ಅಂತ ಚೀಟಿಯೇ ಅಂಟಿಸಿದ್ದರಂತೆ. ನಾನು ಅಡಿಕೆ, ಮೆಣಸು ಬೆಳೆಯುವವನು, ಬೋನ್ಸಾಯ್ ಪಂಡಿತ ಅಲ್ಲ. ಆದ್ರೆ ಆ ಚೀಟಿ ನೋಡಿ ತಲೆ ಕೆಟ್ಟು, ಈ ಮರ ಮನೆಯೊಳಗೆ ಹೇಗೆ ಬಂತು ಅಂತ ಓದೋಕೆ ಕೂತೆ. ಅದನ್ನೇ ಇಲ್ಲಿ ಬರೀತಿದ್ದೇನೆ.

ಬೋನ್ಸಾಯ್ ಅಂದ್ರೆ ತಟ್ಟೆಯಲ್ಲಿ ನೆಟ್ಟದ್ದು, ಅಷ್ಟೇ. ವಿದ್ಯೆ ಚೀನಾದ್ದು, ಪದವೂ ಅಲ್ಲಿಯ 'ಪೆನ್‌ಜಾಯ್'ದೇ ಜಪಾನಿ ಉಚ್ಚಾರ. ಜಪಾನಿನಲ್ಲಿ ಪೈನ್, ಜುನಿಪರ್, ಹಿನೋಕಿಯಂಥ ಮರಗಳನ್ನು ತಟ್ಟೆಯಲ್ಲಿ ಬೆಳೆಸಿದರೂ ಅವು ಇರೋದು ಹೊರಗೆ, ಬಿಸಿಲು, ಮಂಜು, ಗಾಳಿಯಲ್ಲಿ. ನೆಂಟರು ಬಂದಾಗ, ಹಬ್ಬಹರಿದಿನದಲ್ಲಿ, ಮನೆಯೊಳಗಿನ 'ತೊಕೊನೊಮ' ಅನ್ನುವ ಗೂಡಿನಂಥ ಜಾಗದಲ್ಲಿ ತಂದಿಡುತ್ತಾರೆ. ಮುಗಿದ ಮೇಲೆ ವಾಪಸ್ ಹೊರಗೆ. ನಾವು ದೀಪಾವಳಿಗೆ ಎತ್ತಿನ ಮೈ ತೊಳೆದು, ಹಾರ ಹಾಕಿ, ಆರತಿ ಎತ್ತುತ್ತೇವೆ. ಹಾಗಂತ ನಡುಮನೆಯಲ್ಲಿ ಕಟ್ಟಿ ಸಾಕ್ತೀವಾ? ಗೂಡಿನಲ್ಲಿದ್ದ ಮರ ನೋಡಿದ ಹೊರಗಿನವರು ಅದರ ಊರೇ ಅದು ಅಂದುಕೊಂಡಿರಬೇಕು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಗಳಲ್ಲಿ ಯುರೋಪಿನವರು ಈ ಗಿಡ್ಡ ಮರಗಳನ್ನು ನೋಡಿ ಬೆರಗಾದರು. 1890ರಲ್ಲಿ ಶುರುವಾದ ಯೊಕೊಹಾಮಾ ನರ್ಸರಿ ಕಂಪನಿ ಚಿತ್ರದ ಕ್ಯಾಟಲಾಗು ಅಚ್ಚು ಹಾಕಿಸಿ, ಹಡಗಿನಲ್ಲಿ ಮರ ಕಳಿಸೋಕೆ ಹತ್ತಿತು. ಮರ ಹೋಯ್ತು, ಸಾಕುವ ಕೈ ಅದರ ಜೊತೆ ಹೋಗಲಿಲ್ಲ.

ಲಾರ್ಜ್ ಆಂಡರ್ಸನ್ ಅನ್ನೋ ಶ್ರೀಮಂತ ಜಪಾನಿನಲ್ಲಿ ಅಮೆರಿಕದ ರಾಯಭಾರಿ. ಕೆಲಸ ಇದ್ದದ್ದು ಕೆಲವೇ ತಿಂಗಳು. 1913ರಲ್ಲಿ ವಾಪಸಾಗುವ ಮೊದಲು ಇದೇ ಯೊಕೊಹಾಮಾ ಕಂಪನಿಯಿಂದ ಸುಮಾರು ನಲವತ್ತು ಬೋನ್ಸಾಯ್ ಕೊಂಡು, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್ ಬಂಗಲೆಗೆ ಸಾಗಿಸಿದ. ಅದರಲ್ಲಿ ಮುಖ್ಯವಾದವು 'ಚಾಬೊಹಿಬಾ' ಅನ್ನುವ ಹಿನೋಕಿ ತಳಿ. ಚಾಬೊ ಅಂದ್ರೆ ಅವರ ಕಡೆಯ ಗಿಡ್ಡ ಕಾಲಿನ ಕೋಳಿ! ಮರಕ್ಕೆ ಕೋಳಿ ಹೆಸರಿಡುವವರು ರೈತರೇ ಇರಬೇಕು. ಅದರಲ್ಲಿ ಒಂದನ್ನು ತಿದ್ದಲು ಶುರು ಮಾಡಿದ್ದು 1737ರಲ್ಲಿ.

ಆಂಡರ್ಸನ್ ಇರುವ ತನಕ ಬಲ್ಲವರು ನೋಡಿಕೊಂಡರು. 1937ರಲ್ಲಿ ಅವನು ತೀರಿಕೊಂಡ. ಹೆಂಡತಿ ಇಸಾಬೆಲ್ ಮೂವತ್ತು ಮರಗಳನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಸಸ್ಯೋದ್ಯಾನಕ್ಕೆ ಕೊಟ್ಟಳು. ಅವಳ ಕಾಲಾನಂತರ ಉಳಿದ ಒಂಬತ್ತೂ ಅಲ್ಲಿಗೇ ಹೋದವು. ಪ್ರಪಂಚದ ಮರಗಳನ್ನೆಲ್ಲ ಬಲ್ಲ ಪಂಡಿತರ ಜಾಗ ಅದು. ಅಲ್ಲೇ ಈ ಮರಗಳು ಸೊರಗಿದವು. ಕೆಲವು ಸತ್ತವು, ಕೆಲವು ಆಕಾರ ಕಳ್ಕೊಂಡವು. ಪಂಡಿತರನ್ನು ಹಂಗಿಸೋಕೆ ಹೇಳ್ತಿಲ್ಲ. ಮರದ ಹೆಸರು ಗೊತ್ತಿರೋದೇ ಬೇರೆ, ಈ ಕುಂಡದಲ್ಲಿರೋ ಈ ಮರಕ್ಕೆ ಇವತ್ತು ಏನು ಬೇಕು ಅಂತ ಗೊತ್ತಿರೋದೇ ಬೇರೆ. ನಮ್ಮ ತೋಟದಲ್ಲೂ ಮೇಸ್ತ್ರಿ ಬದಲಾದ ವರ್ಷ ಮೆಣಸಿನ ಬಳ್ಳಿ ಹೇಗಾಗತ್ತೆ, ನಿಮಗೇ ಗೊತ್ತು.

1969ರಲ್ಲಿ ಕಾನ್‌ಸ್ಟನ್ಸ್ ಡರ್ಡೇರಿಯನ್ ಅನ್ನುವ ಬೋನ್ಸಾಯ್ ಬಲ್ಲ ಹೆಂಗಸು ಇವುಗಳ ಹೊಣೆ ಹೊತ್ತಳು. ಆಮೇಲೆ ಆ ಜವಾಬ್ದಾರಿ ಪೀಟರ್ ಡೆಲ್ ಟ್ರೆಡಿಚಿ ಕೈಗೆ ಬಂತು. ಹೀಗೆ ಕೈಯಿಂದ ಕೈಗೆ ಬಂದ ಆರೈಕೆಯಲ್ಲಿ ನನಗೆ ಬಹಳ ಹಿಡಿಸಿದ್ದು ಚಳಿಗಾಲದ ವ್ಯವಸ್ಥೆ. ಬಾಸ್ಟನ್ನಿನ ಚಳಿ ಅಂದ್ರೆ ನೆಲವೇ ಹೆಪ್ಪುಗಟ್ಟತ್ತೆ. ನೆಲದಲ್ಲಿರೋ ಮರದ ಬೇರು ಆಳದಲ್ಲಿ ಬದುಕ್ಕೊಳ್ಳತ್ತೆ, ತಟ್ಟೆಯ ಬೇರಿಗೆ ಓಡಿ ಹೋಗೋಕೆ ಜಾಗ ಎಲ್ಲಿ? ಹಾಗಂತ ಬೆಚ್ಚಗಿನ ಮನೆಯೊಳಗಿಟ್ಟರೆ ಮರಕ್ಕೆ ನಿದ್ದೆ ಇಲ್ಲ. ಮಂದ ಬೆಳಕಿನಲ್ಲಿ, ಒಣ ಗಾಳಿಯಲ್ಲಿ ಇದ್ದ ಶಕ್ತಿ ಖರ್ಚು ಮಾಡ್ಕೊಂಡು ಸವೆಯತ್ತೆ. ಅವರು ಹುಡುಕಿದ ದಾರಿ ಒಂದು ಕಾಂಕ್ರೀಟ್ ಇಟ್ಟಿಗೆಯ ಕೋಣೆ. ನವೆಂಬರಿಂದ ಏಪ್ರಿಲ್ ತನಕ ಒಳಗಿನ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆ, ಅಷ್ಟೇ. ಹೆಪ್ಪುಗಟ್ಟಬಾರದು, ಎಚ್ಚರವೂ ಆಗಬಾರದು. ಉಳಿದ ತಿಂಗಳು ಹೊರಗೆ, ಪಟ್ಟಿ ಹೊಡೆದ ನೆರಳುಮನೆಯಲ್ಲಿ.

ಇಷ್ಟಾದ ಮೇಲೂ 1986ರಲ್ಲಿ ಕಳ್ಳರು ಆರು ಮರ ಹೊತ್ತುಕೊಂಡು ಹೋದರು. ಬಂದ ಮೂವತ್ತೊಂಬತ್ತರಲ್ಲಿ ಈಗ ಅರ್ಧಕ್ಕಿಂತ ಕಡಿಮೆ ಉಳಿದಿವೆ. 1737ರ ಹಿನೋಕಿ ಇನ್ನೂ ಇದೆ.

(ಹಿರೋಶಿಮಾ ಬಾಂಬಿಗೂ ಬಗ್ಗದ ಪೈನ್ ಬೋನ್ಸಾಯ್ ಕಥೆ ನಿಮ್ಮ ವಾಟ್ಸಾಪಿಗೂ ಬಂದಿರತ್ತೆ. ನಿಜವೇ ಅದು. ಆ ಮರವೂ ಇದ್ದದ್ದು ಹೊರಗೆ, ಗೋಡೆಯ ಮರೆಯಲ್ಲಿ.)

ಈಗ ನಮ್ಮ ಕುಂಡಕ್ಕೆ ಬರೋಣ. ಜುನಿಪರ್ ಭಾರೀ ಮೋಸದ ಗಿಡ ಮಾರಾಯ್ರೆ. ಬೇರು ಸತ್ತು ವಾರಗಟ್ಟಲೆ ಆದರೂ ಎಲೆ ಹಸಿರಾಗೇ ಇರತ್ತೆ. ಹಾಗಾಗಿ ಎಲೆ ನಂಬದೆ ತೊಗಟೆಯನ್ನು ಉಗುರಲ್ಲಿ ಒಂಚೂರು ಕೆರೆದೆ. ಕಂದು ಕಡೆಯ ಕೊಂಬೆ ಒಳಗೂ ಒಣಗಿತ್ತು. ತುದಿಯಲ್ಲಿ, ಕಾಂಡದಲ್ಲಿ ಹಸಿ ಇತ್ತು. ಮಣ್ಣಿನ ಮೇಲೆ ಚಂದಕ್ಕೆ ಹಾಕಿದ ಬಿಳಿ ಕಲ್ಲು ಕೀಳೋಕೆ ಹೋದ್ರೆ ಬರಲೇ ಇಲ್ಲ, ಅಂಟು ಹಾಕಿ ಕೂರಿಸಿದ್ದರು! ಎರಡು ಚಮಚ ನೀರು ಇಷ್ಟು ದಿನ ಕಲ್ಲಿನ ಮೇಲಿಂದಲೇ ಜಾರಿ ಹೋಗಿದೆ. ಚಾಕು ಹಾಕಿ ಎಬ್ಬಿಸಿದೆ. ಒಳಗಿನ ಮಣ್ಣು ಇಟ್ಟಿಗೆ. ಕುಂಡವನ್ನು ಬಕೆಟ್ ನೀರಲ್ಲಿ ಮುಳುಗಿಸಿ, ಗುಳ್ಳೆ ಬರೋದು ನಿಲ್ಲೋ ತನಕ ಬಿಟ್ಟೆ. ಬಿಳಿ ಹಾಳೆಯ ಮೇಲೆ ಕೊಂಬೆ ಕೊಡವಿದರೆ ಚುಕ್ಕಿಯಂಥವು ಹರಿದಾಡಿದವು, ನುಸಿ. ನೀರು ರಭಸವಾಗಿ ಚಿಮುಕಿಸಿ ತೊಳೆದೆ.

"ಗೊಬ್ಬರ ಹಾಕಲ್ವಾ ಚಿಕ್ಕಪ್ಪ?" ಅಂದಳು.

"ಜ್ವರ ಬಂದವರಿಗೆ ಹೋಳಿಗೆ ಊಟ ಹಾಕ್ತೀಯಾ?" ಅಂದೆ. ಕುಂಡ ಬದಲಿಸೋದೂ ಬೇಡ, ಬೇರು ಮುಟ್ಟೋ ಹೊತ್ತಲ್ಲ ಇದು.

ಜಗುಲಿಯ ಪೂರ್ವದ ಅಂಚಿನಲ್ಲಿಟ್ಟೆ, ಬೆಳಗಿನ ಬಿಸಿಲು ಬೀಳೋ ಕಡೆ. ಅಣ್ಣ ಕಾಫಿ ಕುಡಿಯೋಕೆ ಕೂರ್ತಿದ್ದ ಜಾಗ ಅದು. ದಿನಾ ಮಣ್ಣಿಗೆ ಬೆರಳಿಟ್ಟು ನೋಡ್ತೀನಿ. ಮೇಲ್ಗಡೆ ಆರಿದ್ದರೆ ಮಾತ್ರ ನೀರು, ಕೊಟ್ಟರೆ ತಳದ ತೂತಿಂದ ಇಳಿಯೋ ತನಕ. ಮೇ ತಿಂಗಳ ಎರಡನೇ ವಾರ ತುದಿಯಲ್ಲಿ ತಿಳಿಹಸಿರು ಮೊನೆ ಕಾಣಿಸಿತು. ನಾಲ್ಕೋ ಐದೋ. ಒಣಗಿದ ಕೊಂಬೆ ಮತ್ತೆ ಬರಲ್ಲ, ಅದನ್ನವಳಿಗೆ ಫೋನಿನಲ್ಲಿ ಹೇಳಿದ್ದೇನೆ.

ಜೂನ್ ಬಂದರೆ ನಮ್ಮ ಮಲೆನಾಡಿನ ಮಳೆಗೆ ಇದರ ಬೇರು ಕೊಳೆಯತ್ತೆ, ಅಷ್ಟರೊಳಗೆ ಇಲ್ಲಿಂದ ಹೋಗಬೇಕು. ನಿನ್ನ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳತ್ತೆ ಗಡಿಯಾರ ನೋಡಿ ಬರೆದಿಡು ಅಂದಿದ್ದೆ. ಏಳೂವರೆಯಿಂದ ಹನ್ನೊಂದರ ತನಕ ಅಂತ ನಿನ್ನೆ ಮೆಸೇಜು ಹಾಕಿದ್ದಾಳೆ. ಮುಂದಿನ ಭಾನುವಾರ ತಗೊಂಡು ಹೋಗೋಕೆ ಬರ್ತಾಳೆ.