ಗದ್ದೆ, ತೋಟ ಮತ್ತು ಕಪ್ಪೆ: ಪಶ್ಚಿಮಘಟ್ಟದ ಕೃಷಿನೆಲದಲ್ಲಿ ಉಭಯಚರ ಸಂರಕ್ಷಣೆಯ ಅಧ್ಯಯನ

ಕಪ್ಪೆ, ನೆಲಗಪ್ಪೆ ಮತ್ತು ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಸಿಸಿಲಿಯನ್‌ಗಳನ್ನು ಒಳಗೊಂಡ ಉಭಯಚರಗಳನ್ನು ಪಶ್ಚಿಮಘಟ್ಟದ ಸಂರಕ್ಷಣಾ ಸಾಹಿತ್ಯವು ಬಹುಕಾಲ ಕಾಡಿನ ಜೀವಿಗಳೆಂದೇ ಪರಿಗಣಿಸಿತು. ಆದರೆ ಕರ್ನಾಟಕದಲ್ಲಿ ಉಭಯಚರಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ವಿವರಿಸಿದ ಹೊಸ ಕಪ್ಪೆಗಳ ನೆಲೆಗಳನ್ನು ನೋಡಿದರೆ, ಕೊಟ್ಟಿಗೆಹಾರ, ಸಕಲೇಶಪುರ, ಕೆಂಪುಹೊಳೆಯಂಥ ಕಾಫಿ ಸೀಮೆಯ ಹೆಸರುಗಳೇ ಎದುರಾಗುತ್ತವೆ. ಪ್ರಭೇದವೊಂದನ್ನು ಮೊದಲ ಬಾರಿಗೆ ವಿವರಿಸುವಾಗ ಆಧಾರವಾಗಿ ಇಟ್ಟುಕೊಳ್ಳುವ ಮಾದರಿಗಳನ್ನು ‘ಮೂಲ ಮಾದರಿ’ ಎನ್ನುತ್ತಾರೆ. ಕಾಲೇಜಿನಲ್ಲಿದ್ದ ರಾವ್ ಅವರ ಮೂಲ ಮಾದರಿಗಳು ಕಳೆದುಹೋದದ್ದರಿಂದ, ಯಾವ ಕಪ್ಪೆ ಯಾವುದೆಂಬ ಪ್ರಶ್ನೆ ದಶಕಗಳವರೆಗೆ ಬಗೆಹರಿಯದೆ ಉಳಿಯಿತು. 2010ರಲ್ಲಿ ಪೊದೆಗಪ್ಪೆಗಳ ಕುಲವೊಂದಕ್ಕೆ ಅವರ ನೆನಪಿಗಾಗಿ ರಾವೋರ್ಕೆಸ್ಟಿಸ್ ಎಂಬ ಹೆಸರು ಬಂದದ್ದು ತಡವಾದರೂ ಸಲ್ಲಬೇಕಾದ ಗೌರವವೇ.

ಕೃಷಿನೆಲದ ಕಪ್ಪೆ ರಾಷ್ಟ್ರೀಯ ಚರ್ಚೆಯ ವಿಷಯವಾದದ್ದು ವಿಜ್ಞಾನದ ಮೂಲಕವಲ್ಲ, ವ್ಯಾಪಾರದ ಮೂಲಕ. ಕಪ್ಪೆಕಾಲುಗಳ ರಫ್ತಿಗಾಗಿ ಗದ್ದೆಗಳಿಂದಲೇ ದೊಡ್ಡ ಗೂಳಿಕಪ್ಪೆಗಳನ್ನು ಹಿಡಿದು ವರ್ಷಕ್ಕೆ ಸಾವಿರಾರು ಟನ್ ಮಾಂಸವನ್ನು ಹೊರದೇಶಗಳಿಗೆ ಕಳುಹಿಸುತ್ತಿದ್ದ ಕಾಲದಲ್ಲಿ, ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ ಮೊದಲಾದವರು ಈ ವ್ಯಾಪಾರದ ವಿರುದ್ಧ ಬರೆದರು. ಕಪ್ಪೆ ತಿನ್ನುವ ಕೀಟ ಮತ್ತು ಏಡಿಗಳ ಲೆಕ್ಕ ಹಿಡಿದರೆ ರಫ್ತಿನ ಲಾಭಕ್ಕಿಂತ ಬೆಳೆಯ ನಷ್ಟವೇ ಹೆಚ್ಚೆಂಬುದು ವಿರೋಧಿಗಳ ವಾದವಾಗಿತ್ತು. 1985ರಲ್ಲಿ ಗೂಳಿಕಪ್ಪೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧವನ್ನು ಸೇರಿತು, 1987ರಲ್ಲಿ ಭಾರತ ರಫ್ತನ್ನೇ ನಿಷೇಧಿಸಿತು. ಹಿಡಿಯುವುದಕ್ಕೆ ತಡೆ ಬಿದ್ದರೂ ಕಪ್ಪೆ ಬದುಕುವ ಗದ್ದೆಯ ಸ್ಥಿತಿಗತಿ ಯಾರ ಗಮನಕ್ಕೂ ಬರಲಿಲ್ಲ.

ಆ ಗಮನ ಬಂದದ್ದು ಉಭಯಚರಗಳ ಜಾಗತಿಕ ಕುಸಿತದ ಅರಿವಿನೊಂದಿಗೆ. 2004ರ ಮೊದಲ ಜಾಗತಿಕ ಮೌಲ್ಯಮಾಪನ 5,743 ಪ್ರಭೇದಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಅಪಾಯದಲ್ಲಿದೆ ಎಂದಿತು. 2023ರ ಎರಡನೆಯದು 8,011 ಪ್ರಭೇದಗಳನ್ನು ಪರಿಶೀಲಿಸಿ ಆ ಪ್ರಮಾಣವನ್ನು ಶೇ. 40.7ಕ್ಕೆ ಏರಿಸಿತು. ಇದೇ ಅವಧಿಯಲ್ಲಿ ಕೆ. ವಿ. ಗುರುರಾಜ ಮತ್ತು ಸಹೋದ್ಯೋಗಿಗಳು ಶರಾವತಿ ಕಣಿವೆಯಲ್ಲಿ ನಡೆಸಿದ ಅಧ್ಯಯನ, ಘಟ್ಟಕ್ಕೇ ಸೀಮಿತವಾದ ಸ್ಥಾನಿಕ ಪ್ರಭೇದಗಳು ನಿತ್ಯಹರಿದ್ವರ್ಣ ಕಾಡು ಮತ್ತು ಬತ್ತದ ಹಳ್ಳಗಳಿರುವಲ್ಲಿ ಹೆಚ್ಚುತ್ತವೆಂದು ತೋರಿಸಿತು. ಒಂದು ನೆಲದಲ್ಲಿ ಎಷ್ಟು ಬಗೆಯ ಕಪ್ಪೆಗಳಿವೆ ಎಂಬ ಎಣಿಕೆಗಿಂತ ಯಾವ ಬಗೆಯವು ಉಳಿದಿವೆ ಎಂಬ ಪ್ರಶ್ನೆಗೆ ತೂಕ ಬಂದದ್ದು ಇಲ್ಲಿಂದ ಮುಂದೆ.

ಕಾಫಿ ತೋಟ ಈ ಪ್ರಶ್ನೆಗೆ ಒಳ್ಳೆಯ ಪರೀಕ್ಷೆ. ರಾವೋರ್ಕೆಸ್ಟಿಸ್ ಕುಲದ ಪೊದೆಗಪ್ಪೆಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳವಣಿಗೆ ಮುಗಿದು ಪುಟ್ಟ ಕಪ್ಪೆಯೇ ಹೊರಬರುವುದರಿಂದ ಅವಕ್ಕೆ ಕೆರೆಗಿಂತ ಎಲೆಯ ಮೇಲಿನ ತೇವ ಮತ್ತು ಮರದ ನೆರಳು ಮುಖ್ಯ. ಕೊಡಗಿನ ಕಾಫಿ ಸೀಮೆಯಲ್ಲಿ ಸಿಗುವ ರಾಕೋಫೋರಸ್ ಲ್ಯಾಟೆರಾಲಿಸ್ ಎಂಬ ಹಾರುಗಪ್ಪೆಯ ಕಥೆ ಬೇರೆ: ಹೆಣ್ಣು ನೀರಿನ ಮೇಲೆ ಬಾಗಿದ ಎಲೆಯ ಮೇಲೆ ನೊರೆಯಲ್ಲಿ ಮೊಟ್ಟೆಯಿಟ್ಟು, ಹಿಂಗಾಲುಗಳಿಂದ ಎಲೆಯನ್ನು ಮಡಚಿ ಗೂಡು ಮುಚ್ಚುತ್ತದೆ, ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ. ಹಾಗಾಗಿ ತೋಟದ ಮಾಲೀಕ ಕಾಡುಮರ ಕಡಿದು ಸಿಲ್ವರ್ ಓಕ್ ನೆಟ್ಟರೆ ಮೊದಲನೆಯದಕ್ಕೆ, ಜೌಗನ್ನು ಬಸಿದು ಒಣಗಿಸಿದರೆ ಎರಡನೆಯದಕ್ಕೆ ನೆಲೆ ತಪ್ಪುತ್ತದೆ. ‘ಕಾಫಿ ತೋಟ ಕಪ್ಪೆಗೆ ಒಳ್ಳೆಯದೇ?’ ಎಂದು ಒಟ್ಟಾಗಿ ಕೇಳಿದರೆ ಅರ್ಥವಿಲ್ಲ.

ಅಡಿಕೆ ತೋಟದ ವಿಷಯ ಇನ್ನಷ್ಟು ಸಿಕ್ಕಾದದ್ದು. ದಪ್ಪ ದರಗು, ಸೊಪ್ಪುಗೊಬ್ಬರ, ಸದಾ ತೇವದ ಮಣ್ಣು ಮತ್ತು ಬಸಿಗಾಲುವೆಗಳಿಂದಾಗಿ ಮಲೆನಾಡಿನ ತೋಟಗಳು ಸಿಸಿಲಿಯನ್‌ಗಳಿಗೂ ಆಶ್ರಯವಾಗಿವೆ. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟವನ್ನು, ಎಂದರೆ ಗೊಬ್ಬರದ ಎಲೆಗಾಗಿ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬಿಟ್ಟುಕೊಟ್ಟ ಕಾಡನ್ನು, ಸೇರಿಸಿ ನೋಡಿದರೆ ಮಳೆಗಾಲದ ನೀರೂ ಬೇಸಗೆಯ ಮರೆಯೂ ಒಂದೇ ಹಿಡುವಳಿಯಲ್ಲಿ ದೊರೆಯುತ್ತವೆ. ಆದರೆ ಅದೇ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲಾಗುತ್ತದೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನಗಳ ನಂತರ ಮತ್ತೊಮ್ಮೆ. ಗೊದಮೊಟ್ಟೆಗಳಿಗೆ ತಾಮ್ರ ವಿಷ, ಸಿಂಪಡಣೆಯ ಕಾಲವೋ ಅವು ಕಾಲುವೆಗಳಲ್ಲಿ ಬೆಳೆಯುವ ಕಾಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ರೂಢಿಗೆ ತಂದ ಈ ಔಷಧಿ ನೂರು ವರ್ಷ ದಾಟಿ ಈಗ ಮಲೆನಾಡಿಗೆ ಸಂಪ್ರದಾಯವೇ ಆಗಿರುವುದರಿಂದ, ಸಾಂಪ್ರದಾಯಿಕ ಕೃಷಿ ಎಂಬ ಮಾತನ್ನು ನಿರಪಾಯಕಾರಿ ಎಂಬರ್ಥದಲ್ಲಿ ಬಳಸುವವರು ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ. ರಾಸಾಯನಿಕ ಗೊಬ್ಬರದ ಪರಿಣಾಮವನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಎಸ್. ವಿ. ಕೃಷ್ಣಮೂರ್ತಿ ಮತ್ತು ಸಂಗಡಿಗರು ಪರೀಕ್ಷಿಸಿ, ನೈಟ್ರೇಟ್ ಬೆರೆತ ನೀರಿನಲ್ಲಿ ಬೆಳೆದ ಗೊದಮೊಟ್ಟೆಗಳಲ್ಲಿ ಅಂಗವಿಕಾರಗಳನ್ನು ದಾಖಲಿಸಿದರು.

ಭತ್ತದ ಗದ್ದೆಯನ್ನು ಸಾಮಾನ್ಯ ಕಪ್ಪೆಗಳ ಜಾಗವೆಂದು ತಳ್ಳಿಹಾಕುವ ವಾಡಿಕೆಯನ್ನು ಈ ಶತಮಾನದ ಸಂಶೋಧನೆ ಸಡಿಲಿಸಿತು. 2016ರಲ್ಲಿ ಉತ್ತರ ಕನ್ನಡದ ಕರಾವಳಿಯಿಂದ ವಿವರಿಸಲಾದ, ಗದ್ದೆಗಳಲ್ಲೂ ಬದುಕುವ ಕಪ್ಪೆಯೊಂದಕ್ಕೆ ‘ಕರಾವಳಿ’ ಎಂಬ ಹೆಸರೇ ಬಂದಿದೆ. ಅದರ ವಿಶಿಷ್ಟ ಕೂಗನ್ನು ಮೊದಲು ಗುರುತಿಸಿದವರಲ್ಲಿ ಅರಣ್ಯ ರಕ್ಷಕರೊಬ್ಬರಿದ್ದರು. ಆದರೂ ಗದ್ದೆಯೆಂದರೆ ಎಲ್ಲ ಕಪ್ಪೆಗೂ ನೆಲೆಯಲ್ಲ. ಮಹಾರಾಷ್ಟ್ರದ ಕೊಂಕಣದ ಕಲ್ಲುಹಾಸಿನ ಪ್ರಸ್ಥಭೂಮಿಗಳಲ್ಲಿ ಜಿತಿನ್ ವಿಜಯನ್, ರೋಹಿತ್ ನಾನಿವಡೇಕರ್ ಮೊದಲಾದವರು ಇತ್ತೀಚೆಗೆ ನಡೆಸಿದ ಅಧ್ಯಯನದಲ್ಲಿ, ಹೆಚ್ಚು ಕದಡದ ಕಲ್ಲುನೆಲಕ್ಕೆ ಹೋಲಿಸಿದರೆ ಭತ್ತದ ಗದ್ದೆ ಮತ್ತು ಹಣ್ಣಿನ ತೋಟಗಳಲ್ಲಿ ಅಪರೂಪದ ಸ್ಥಾನಿಕ ಕಪ್ಪೆಗಳು ಕಡಿಮೆಯಾಗಿ, ಎಲ್ಲೆಡೆ ಸಿಗುವ ಪ್ರಭೇದಗಳು ಗದ್ದೆಯಲ್ಲಿ ಹೆಚ್ಚಾಗಿ ಕಂಡವು. ಬೈಲಿನ ಜೌಗುನೆಲ ಗದ್ದೆಯಾದಾಗ ನೀರಿನ ಸ್ವಭಾವ ಅಷ್ಟಾಗಿ ಬದಲಾಗದು. ಆದರೆ ಕಲ್ಲುಹಾಸಿನ ಮೇಲಿನ ಅಲ್ಪಾಯುಷಿ ನೀರುಗುಂಡಿಗಳ ಜಾಗಕ್ಕೆ ಬದು ಕಟ್ಟಿದಾಗ ಪೂರ್ತಿ ಬದಲಾಗುತ್ತದೆ.

ನೀರಿನ ಈ ಸ್ವಭಾವವನ್ನು ಸ್ಪಷ್ಟವಾಗಿ ತೋರಿಸಿದ್ದು ಜಪಾನಿನ ಸಂಶೋಧನೆ. ಕಾಂಟೋ ಬಯಲಿನಲ್ಲಿ ಫುಜಿಯೋಕಾ ಮತ್ತು ಲೇನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣ್ಣಿನ ಕಾಲುವೆಗಳು ಕಾಂಕ್ರೀಟಾದ ಗದ್ದೆಗಳಲ್ಲಿ ನೆಲದ ಕಪ್ಪೆಗಳು ಕುಗ್ಗಿದರೂ, ಬೆರಳ ತುದಿಯ ಅಂಟುಬಿಲ್ಲೆಗಳಿಂದ ನೆಟ್ಟನೆಯ ಗೋಡೆ ಹತ್ತಬಲ್ಲ ಮರಗಪ್ಪೆ ಉಳಿದುಕೊಂಡಿತ್ತು. ಅದೇ ದೇಶದ ತೊಯೋಕಾದಲ್ಲಿ, ಕಪ್ಪೆಗಳನ್ನು ತಿನ್ನುವ ಕೊಕ್ಕರೆಗಳನ್ನು 2005ರಿಂದ ಮತ್ತೆ ಹಾರಬಿಟ್ಟ ಯೋಜನೆಯಡಿ ರೈತರು, ನಡುಬೇಸಗೆಯಲ್ಲಿ ಗದ್ದೆಯ ನೀರು ಬಸಿಯುವ ಕೆಲಸವನ್ನು ಗೊದಮೊಟ್ಟೆಗೆ ಕಾಲು ಮೂಡುವವರೆಗೆ ಮುಂದೂಡುತ್ತಾರೆ.

ಮಲೆನಾಡಿನ ಮಳೆಯಾಶ್ರಿತ ಗದ್ದೆಗೆ ಈ ಕ್ರಮವನ್ನು ಹಾಗೆಯೇ ತರಲಾಗದು, ಏಕೆಂದರೆ ಇಲ್ಲಿ ನೀರು ನಿಲ್ಲುವ ಅವಧಿಯನ್ನು ಮುಂಗಾರೇ ನಿರ್ಧರಿಸುತ್ತದೆ. ಅಲ್ಲದೆ ಕೂಲಿ ಮತ್ತು ಬೆಲೆಯ ಲೆಕ್ಕದಲ್ಲಿ ಗದ್ದೆಗಳೇ ಅಡಿಕೆ ತೋಟಗಳಾಗುತ್ತಿರುವುದರಿಂದ ನಿಂತ ನೀರಿನ ಕಪ್ಪೆಗಳ ನೆಲೆ ಕಿರಿದಾಗುತ್ತಿದೆ. ರೈತನ ಕೈಯಲ್ಲಿ ಉಳಿದಿರುವುದು ಕೆರೆ, ಮದಗ ಮತ್ತು ಕಾಲುವೆಗಳು. ವನ್ಯಜೀವಿ ಕಾಯಿದೆಯ ಅಭಯಾರಣ್ಯಗಳು ಇವನ್ನು ಮುಟ್ಟುವುದು ಕಡಿಮೆ. ಮುಟ್ಟುವುದು ಉದ್ಯೋಗ ಖಾತರಿಯ ಹೂಳೆತ್ತುವ ಕಾಮಗಾರಿ ಮತ್ತು ಸಣ್ಣ ನೀರಾವರಿಯ ಗುತ್ತಿಗೆ. ಹೂಳನ್ನು ಮೊದಲ ಮಳೆಗೆ ಮುನ್ನವೇ ತೆಗೆದು ಮುಗಿಸುವುದು, ಕಾಲುವೆಗೆ ಕಾಂಕ್ರೀಟ್ ಹಾಕಲೇಬೇಕಾದಲ್ಲಿ ಒಂದು ಬದಿಯನ್ನಾದರೂ ಕಪ್ಪೆ ಹತ್ತುವಷ್ಟು ಇಳಿಜಾರಾಗಿ ಬಿಡುವುದು, ಬೋರ್ಡೋ ಬೆರೆಸುವ ಡ್ರಮ್ಮನ್ನು ನೀರಿನಂಚಿನಿಂದ ದೂರವಿಡುವುದು ಮುಂತಾದ ಅಂಶಗಳು ಆ ಕಾಮಗಾರಿಗಳ ಅಂದಾಜುಪಟ್ಟಿಗೂ ಕೃಷಿ ಇಲಾಖೆಯ ಸಲಹಾಪತ್ರಕ್ಕೂ ಸೇರಬೇಕಾದವು.